ತಣ್ಣಗಿನ ತಿನಿಸು ಬೆಂಗಳೂರು ಮುಟ್ಟುವವರೆಗೆ: ಯಾವ ಐಸ್, ಯಾವ ಪೆಟ್ಟಿಗೆ, ಯಾವ ಗಾಡಿ?

ಹಾಸನ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮನೆಯಲ್ಲೇ ತಿನಿಸು ಮಾಡಿ, ವಾಟ್ಸಾಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಆರ್ಡರ್ ತೆಗೆದುಕೊಂಡು ಬೆಂಗಳೂರಿಗೆ ಕಳಿಸುವವರು ಈಗ ಬಹಳ ಜನ ಇದ್ದಾರೆ. ಕಾಫಿ ಪುಡಿ, ಉಪ್ಪಿನಕಾಯಿ, ಹಪ್ಪಳ, ಜೇನುತುಪ್ಪ ಆದರೆ ಚಿಂತೆಯಿಲ್ಲ. ಎರಡು ದಿನ ತಡವಾದರೂ ಏನೂ ಆಗುವುದಿಲ್ಲ. ಕಷ್ಟ ಶುರುವಾಗುವುದು ಹಿತಕಿದ ಅವರೆಬೇಳೆ, ಪತ್ರೊಡೆ, ಕಡುಬು, ಬೆಣ್ಣೆ, ಪನೀರ್, ಅಣಬೆ, ಹಂದಿ ಮಾಂಸ ಕಳಿಸಲು ಹೊರಟಾಗ. ಇವು ದಾರಿಯಲ್ಲಿ ಬಿಸಿಯಾದರೆ ದುಡ್ಡು ಹೋಗುವುದಷ್ಟೇ ಅಲ್ಲ, ತಿಂದವರ ಹೊಟ್ಟೆ ಕೆಡುತ್ತದೆ. ನಮ್ಮನ್ನು ನಂಬಿ ತರಿಸಿಕೊಂಡವರು ಅವರು, ಅಲ್ವಾ?

"ಯಾವ ಬಾಕ್ಸ್ ತಗೊಳ್ಳಲಿ?" ಅಂತಲೇ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಅದು ಆಮೇಲಿನ ಮಾತು. ನಿಮ್ಮ ಫ್ರೀಜರ್‌ನಿಂದ ಹೊರಬಿದ್ದ ಪ್ಯಾಕೆಟ್ ಗಿರಾಕಿಯ ಫ್ರಿಜ್ ಸೇರುವ ಹೊತ್ತಿಗೆ ಎಷ್ಟು ಗಂಟೆ ಆಗುತ್ತದೆ? ಅದು ಗಟ್ಟಿಯಾಗಿಯೇ ತಲುಪಬೇಕಾ, ತಣ್ಣಗಿದ್ದರೆ ಸಾಕಾ? ಇವೆರಡಕ್ಕೆ ಉತ್ತರ ಸಿಕ್ಕರೆ ಪೆಟ್ಟಿಗೆ, ಐಸ್, ಗಾಡಿ ಎಲ್ಲವನ್ನೂ ಸುಲಭವಾಗಿ ತೀರ್ಮಾನ ಮಾಡಬಹುದು.

ಮೊದಲು ಗಂಟೆ ಲೆಕ್ಕ

ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ಚಿಕ್ಕಮಗಳೂರಿನಿಂದ ಸುಮಾರು 245. ಕಾರಿನಲ್ಲಿ ಹೋದರೆ ನಾಲ್ಕು ಗಂಟೆ, ಐದೂವರೆ ಗಂಟೆ. ಆದರೆ ಪಾರ್ಸೆಲ್‌ನ ಗಂಟೆ ಬೇರೆ. ಸಂಜೆ ಆರಕ್ಕೆ ಬಸ್ ಆಫೀಸಿಗೆ ಕೊಡುತ್ತೀರಿ. ಬಸ್ ಹೊರಡುವುದು ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ. ಬೆಳಗಿನ ಜಾವ ಮೆಜೆಸ್ಟಿಕ್ ಮುಟ್ಟುತ್ತದೆ. ಗಿರಾಕಿ ಎದ್ದು, ಹೋಗಿ ತಂದು, ಫ್ರಿಜ್‌ಗೆ ಇಡುವಾಗ ಎಂಟು ಗಂಟೆ. ಒಟ್ಟು 14 ಗಂಟೆ ಆಯಿತು. ಬಸ್ ಓಡಿದ್ದು ಅದರಲ್ಲಿ ಅರ್ಧವೂ ಇಲ್ಲ. ಮಾಮೂಲಿ ಕೊರಿಯರ್ ಆದರೆ ಇನ್ನೂ ಉದ್ದ. ಮಧ್ಯಾಹ್ನ ತೆಗೆದುಕೊಂಡು ಹೋಗುತ್ತಾರೆ, ಊರಿನ ಬ್ರಾಂಚ್‌ನಲ್ಲಿ ಒಂದಷ್ಟು ಹೊತ್ತು, ಬೆಂಗಳೂರಿನ ಗೋದಾಮಿನಲ್ಲಿ ಒಂದಷ್ಟು ಹೊತ್ತು, ಮನೆಗೆ ಬರುವುದು ಎರಡನೇ ದಿನವೋ ಮೂರನೇ ದಿನವೋ. 48 ಗಂಟೆ ಅಂತ ಹಿಡಿಯಿರಿ.

ಈ 14 ಮತ್ತು 48 ಅನ್ನುವ ಎರಡು ಅಂಕಿ ನೆನಪಿಡಿ. ಮುಂದೆ ಹೇಳುವುದೆಲ್ಲ ಇವುಗಳ ಮೇಲೆಯೇ ನಿಂತಿದೆ.

ಫ್ರೋಜನ್ ಬೇಕಾ, ತಣ್ಣಗಿದ್ದರೆ ಸಾಕಾ, ಎರಡೂ ಬೇಡವಾ?

ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ಫ್ರೋಜನ್ ಅಂದರೆ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ. ಫ್ರಿಜ್‌ನಲ್ಲಿಡುವ ತಿನಿಸು 5 ಡಿಗ್ರಿಯ ಒಳಗಿರಬೇಕು. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ. ಹದವಾದ ಬಿಸಿ ಸಿಕ್ಕರೆ ಕೆಲವು ಇಪ್ಪತ್ತು ನಿಮಿಷಕ್ಕೆ ದುಪ್ಪಟ್ಟಾಗುತ್ತವೆ. ಹಾಗಾಗಿ ಬೇಯಿಸಿದ ತಿನಿಸು, ಹಾಲಿನ ಪದಾರ್ಥ, ಮಾಂಸ ಇವುಗಳಲ್ಲಿ "ಸ್ವಲ್ಪ ಬೆಚ್ಚಗಾಗಿದೆ ಅಷ್ಟೇ" ಅನ್ನುವ ಸಮಾಧಾನ ಬೇಡ.

ಪತ್ರೊಡೆ, ಕಡುಬು, ಹಿತಕಿದ ಬೇಳೆ, ಬೆಣ್ಣೆ, ತುರಿದ ಕಾಯಿ, ಮಾಂಸ ಇವೆಲ್ಲ ಫ್ರೀಜರ್‌ಗೆ ಚೆನ್ನಾಗಿ ಒಗ್ಗುತ್ತವೆ. ಪನೀರ್ ಫ್ರೀಜ್ ಆದರೆ ಪುಡಿಪುಡಿಯಾಗುತ್ತದೆ. ಆಲೂಗಡ್ಡೆ ಪಲ್ಯ ನೀರು ಬಿಟ್ಟುಕೊಂಡು ಮರಳು ಮರಳಾಗುತ್ತದೆ. ಮೊಸರು ಒಡೆಯುತ್ತದೆ. ತಾಜಾ ಅಣಬೆಯಂತೂ ಫ್ರೀಜರ್‌ಗೆ ಹೋದರೆ ಕಥೆ ಮುಗಿಯಿತು. ಪನೀರ್ ಮತ್ತು ಅಣಬೆಗೆ ಫ್ರಿಜ್‌ನ ತಣ್ಣಗೆಯೇ ಸರಿ.

ಮೂರನೆಯ ದಾರಿಯನ್ನು ಜನ ಮರೆತೇಬಿಡುತ್ತಾರೆ. ತಣ್ಣಗೆ ಇಡುವ ಅಗತ್ಯವೇ ಇಲ್ಲದ ಹಾಗೆ ತಿನಿಸನ್ನು ಬದಲಿಸುವುದು. ಬೆಣ್ಣೆಯ ಬದಲು ತುಪ್ಪ ಮಾರಬಹುದು. ಕಳಲೆಯನ್ನು ಉಪ್ಪುನೀರಿನಲ್ಲಿ ಹಾಕಿ ಕೊಡಬಹುದು. ಹಲಸಿನ ತೊಳೆಯ ಬದಲು ಹಪ್ಪಳ. ಗೊಜ್ಜು, ಪಲ್ಯದಂಥದ್ದಕ್ಕೆ ರಿಟಾರ್ಟ್ ಪೌಚ್ ಇದೆ. ಪೌಚ್ ಸೀಲ್ ಮಾಡಿ, ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸಿದರೆ ಹೊರಗಡೆಯೇ ತಿಂಗಳುಗಟ್ಟಲೆ ಇರುತ್ತದೆ. ಆದರೆ ಇದು ಮನೆಯ ಕುಕ್ಕರ್‌ನಲ್ಲಿ ಮಾಡುವ ಕೆಲಸವಲ್ಲ. ಎಷ್ಟು ಹೊತ್ತು, ಎಷ್ಟು ಶಾಖ ಅನ್ನುವುದು ಒಂದೊಂದು ತಿನಿಸಿಗೆ ಒಂದೊಂದು ಥರ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) 1950ರಿಂದಲೂ ಆಹಾರ ಸಂಸ್ಕರಣೆಯ ಕೆಲಸವನ್ನೇ ಮಾಡುತ್ತಿದೆ. ಹಾಸನದಿಂದ ಮೂರು ಗಂಟೆಯ ದಾರಿ. ದೊಡ್ಡ ಮಟ್ಟದಲ್ಲಿ ಮಾಡುವ ಯೋಚನೆಯಿದ್ದರೆ ಮೊದಲು ಅಲ್ಲಿ ವಿಚಾರಿಸಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವ್ಯಾಕ್ಯೂಮ್ ಪ್ಯಾಕ್ ಮಾಡಿದರೆ ಫ್ರಿಜ್ ಬೇಡ ಅಂತ ಎಷ್ಟೋ ಜನ ನಂಬಿದ್ದಾರೆ. ಇದು ತಪ್ಪು, ಅಪಾಯದ ತಪ್ಪು. ಗಾಳಿ ತೆಗೆದರೆ ಬೂಷ್ಟು ಬರುವುದು ತಡವಾಗುತ್ತದೆ, ನಿಜ. ಆದರೆ ಗಾಳಿ ಇಲ್ಲದ ಕಡೆಯೇ ಬೆಳೆಯುವ ಬ್ಯಾಕ್ಟೀರಿಯಾ ಇವೆ. ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾಗಬಲ್ಲ ಕಾಯಿಲೆ ತರುವ ಕ್ಲಾಸ್ಟ್ರಿಡಿಯಂ ಅಂಥದ್ದು. ಅದರ ವಿಷ ಇದೆಯೋ ಇಲ್ಲವೋ ಅಂತ ಬಣ್ಣ, ವಾಸನೆ ನೋಡಿ ಹೇಳಲು ಆಗದೇ ಇರಬಹುದು. ವ್ಯಾಕ್ಯೂಮ್ ಮಾಡಿದ ಬೇಯಿಸಿದ ತಿನಿಸನ್ನೂ ಮಾಂಸವನ್ನೂ ತಣ್ಣಗೇ ಇಡಬೇಕು, ತಣ್ಣಗೇ ಕಳಿಸಬೇಕು. ಫ್ರೀಜರ್‌ನಲ್ಲಿ ಒಣಗದಂತೆ, ದಾರಿಯಲ್ಲಿ ಸೋರದಂತೆ ತಡೆಯುವುದಕ್ಕೆ ವ್ಯಾಕ್ಯೂಮ್ ಒಳ್ಳೆಯದು. ಅದಕ್ಕಾಗಿ ಮಾಡಿ. ತಾಜಾ ಅಣಬೆಗೆ ಮಾತ್ರ ಮಾಡಲೇಬೇಡಿ. ಅದು ಉಸಿರಾಡುವ ವಸ್ತು, ಸಣ್ಣ ತೂತಿರುವ ಡಬ್ಬಿ ಬೇಕು.

ಐಸ್, ಜೆಲ್ ಪ್ಯಾಕ್, ಉಪ್ಪುನೀರು, ಡ್ರೈ ಐಸ್

ಒಂದು ಕೆಜಿ ಐಸ್ ಪೂರ್ತಿ ಕರಗಲು 334 ಕಿಲೋಜೂಲ್ ಶಾಖ ಹೀರಿಕೊಳ್ಳುತ್ತದೆ. ಮಾಮೂಲಿ ಜೆಲ್ ಪ್ಯಾಕ್‌ನಲ್ಲಿ ಇರುವುದೂ ಹೆಚ್ಚುಕಡಿಮೆ ನೀರೇ, ಗಟ್ಟಿಯಾಗಲು ಒಂದಿಷ್ಟು ಪುಡಿ ಸೇರಿರುತ್ತದೆ. ಅದೂ ಸುಮಾರು ಸೊನ್ನೆ ಡಿಗ್ರಿಗೇ ಕರಗುತ್ತದೆ, ಸುಮಾರು ಅಷ್ಟೇ ಶಾಖ ಹೀರುತ್ತದೆ. "ಜೆಲ್ ಜಾಸ್ತಿ ತಣ್ಣಗಿಡುತ್ತೆ" ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಜೆಲ್‌ನ ಅನುಕೂಲ ಬೇರೆ ಕಡೆ ಇದೆ. ಚಪ್ಪಟೆಯಾಗಿರುತ್ತದೆ, ಪ್ಯಾಕೆಟ್‌ಗೆ ಅಂಟಿಕೊಂಡು ಕೂರುತ್ತದೆ, ಒಡೆದರೂ ನೀರಿನಷ್ಟು ಹರಿಯುವುದಿಲ್ಲ. ಇಷ್ಟಕ್ಕಾಗಿ ಬೇಕಾದರೆ ಕೊಳ್ಳಿ. ಇಲ್ಲವಾದರೆ ಕುಡಿಯುವ ನೀರನ್ನೇ ದಪ್ಪ ಪೌಚ್‌ನಲ್ಲಿ ಚಪ್ಪಟೆಯಾಗಿ ಸೀಲ್ ಮಾಡಿ ಫ್ರೀಜ್ ಮಾಡಿಕೊಳ್ಳಿ. ಬಾಟಲಿ ಆದರೆ ಹತ್ತನೇ ಒಂದು ಭಾಗ ಖಾಲಿ ಬಿಡಿ. ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಉಬ್ಬುತ್ತದೆ. ನನ್ನ ಓಟು ನೀರಿನ ಪೌಚ್‌ಗೆ. ಅಗ್ಗ, ಒಡೆದರೂ ತಿನಿಸಿಗೆ ವಿಷವಿಲ್ಲ, ಗಿರಾಕಿ ಆ ನೀರನ್ನು ಗಿಡಕ್ಕೆ ಹಾಕಬಹುದು.

ಐಸ್ ಫ್ಯಾಕ್ಟರಿಯ ಗಡ್ಡೆ ಐಸ್ ಬಗ್ಗೆಯೂ ಕೇಳುತ್ತಾರೆ. ಮಂಗಳೂರು, ಮಲ್ಪೆಯಿಂದ ಘಾಟಿ ಹತ್ತಿ ಬರುವ ಮೀನಿಗೆ ಅದೇ ಹಾಕುವುದು. ಮೀನಿನ ಪೆಟ್ಟಿಗೆಯಲ್ಲಿ ಕರಗಿದ ನೀರು ಹರಿದು ಹೋಗುತ್ತದೆ. ನಮ್ಮ ಪತ್ರೊಡೆಯ ಪೆಟ್ಟಿಗೆಯಲ್ಲಿ ಆ ನೀರು ನಿಲ್ಲುತ್ತದೆ. ಜೊತೆಗೆ ಅದು ಕುಡಿಯುವ ನೀರಿನದೇ ಅನ್ನುವ ಖಾತ್ರಿ ಇರುವುದಿಲ್ಲ. ಬೇಡ.

ಈಗ ಮುಖ್ಯವಾದ ವಿಷಯ. ಐಸ್ ಕರಗುವುದು ಸೊನ್ನೆ ಡಿಗ್ರಿಗೆ. ಫ್ರೋಜನ್ ತಿನಿಸು ಮೆತ್ತಗಾಗುವುದು ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೇ, ಯಾಕೆಂದರೆ ಅದರಲ್ಲಿ ಉಪ್ಪು, ಸಕ್ಕರೆ ಇರುತ್ತದೆ. ಅಂದರೆ ಐಸ್ ಇನ್ನೂ ಗಟ್ಟಿ ಇರುವಾಗಲೇ ನಿಮ್ಮ ಕಡುಬು ಕರಗಲು ಶುರುವಾಗಿರುತ್ತದೆ! ನೀರಿನ ಐಸ್ ಎಷ್ಟೇ ಸುರಿದರೂ ಫ್ರೋಜನ್ ತಿನಿಸನ್ನು ಫ್ರೋಜನ್ ಆಗಿ ಉಳಿಸಲು ಆಗುವುದಿಲ್ಲ. ತಣ್ಣಗೆ ಮಾತ್ರ ಉಳಿಸಬಹುದು. ಇದನ್ನು ತಿಳಿಯದೆ ಜನ ಐಸ್ ಜಾಸ್ತಿ ಮಾಡುತ್ತಾ ಹೋಗುತ್ತಾರೆ, ತೂಕ ಏರುತ್ತಾ ಹೋಗುತ್ತದೆ, ಗಿರಾಕಿಯಿಂದ "ಮೆತ್ತಗಾಗಿದೆ" ಅನ್ನುವ ದೂರು ನಿಲ್ಲುವುದಿಲ್ಲ.

ಗಟ್ಟಿಯಾಗಿಯೇ ತಲುಪಬೇಕು ಅಂದರೆ ಎರಡು ದಾರಿ. ಒಂದು, ಉಪ್ಪುನೀರಿನ ಪ್ಯಾಕ್. ನೂರರಲ್ಲಿ 23 ಭಾಗ ಅಡುಗೆ ಉಪ್ಪು ಇರುವ ನೀರು ಮೈನಸ್ 21 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಮನೆಯ ಫ್ರೀಜರ್ ಮೈನಸ್ 18ರ ಸುತ್ತ ಇರುತ್ತದೆ. ಅಲ್ಲಿ ಅದು ನೀರಾಗಿಯೇ ಉಳಿಯುತ್ತದೆ. ಇನ್ನೂ ಕೆಳಗೆ ಇಳಿಯುವ ಡೀಪ್ ಫ್ರೀಜರ್ ಇದ್ದರೆ ಮಾತ್ರ ಇದು ಆಗುವ ಕೆಲಸ. 10 ಶೇಕಡಾ ಉಪ್ಪು ಹಾಕಿದರೆ ಮೈನಸ್ 6.5ರ ಸುತ್ತ ಹೆಪ್ಪುಗಟ್ಟಲು ಶುರುವಾಗುತ್ತದೆ, ಆದರೆ ಮೈನಸ್ 18ರಲ್ಲಿ ಅದರ ಸುಮಾರು ಅರ್ಧ ಮಾತ್ರ ಐಸ್ ಆಗಿರುತ್ತದೆ. ಹಾಗಾಗಿ ತೂಕಕ್ಕೆ ತಕ್ಕ ಶಕ್ತಿ ಸಿಗುವುದಿಲ್ಲ. ಆದರೂ ಒಂದು ರಾತ್ರಿಯ ಪ್ರಯಾಣಕ್ಕೆ ಇದು ಮಾಡಿ ನೋಡಲು ಯೋಗ್ಯವಾದ ಉಪಾಯ. ಉಪ್ಪುನೀರಿನ ಪ್ಯಾಕನ್ನು ಅಣಬೆ, ಪನೀರ್ ಹತ್ತಿರ ಇಡಬೇಡಿ, ಅವೂ ಹೆಪ್ಪುಗಟ್ಟಿ ಹಾಳಾಗುತ್ತವೆ.

ಎರಡನೆಯದು ಡ್ರೈ ಐಸ್, ಅಂದರೆ ಹೆಪ್ಪುಗಟ್ಟಿಸಿದ ಕಾರ್ಬನ್ ಡೈಆಕ್ಸೈಡ್. ಮೈನಸ್ 78.5 ಡಿಗ್ರಿ, ನೀರಾಗದೆ ನೇರವಾಗಿ ಗಾಳಿಯಾಗುತ್ತದೆ. ಕೆಜಿಗೆ ಸುಮಾರು 570 ಕಿಲೋಜೂಲ್ ಹೀರುತ್ತದೆ. ಫ್ರೋಜನ್ ಮಾಂಸ ದೂರ ಕಳಿಸಲು ಇದಕ್ಕೆ ಸಾಟಿಯಿಲ್ಲ. ಆದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಅಂಗಡಿಗೆ ಹೋಗಿ ಕೇಳಿದ ಕೂಡಲೇ ಸಿಗುವ ವಸ್ತುವಲ್ಲ. ಬೆಂಗಳೂರಿನಿಂದ ತರಿಸಿದರೆ ಬರುವ ದಾರಿಯಲ್ಲೇ ಒಂದಷ್ಟು ಆವಿಯಾಗಿ ಹೋಗಿರುತ್ತದೆ. ಪೆಟ್ಟಿಗೆಯ ಗಾತ್ರ, ದಪ್ಪ ನೋಡಿಕೊಂಡು ದಿನಕ್ಕೆ 2ರಿಂದ 5 ಕೆಜಿ ಕರಗುತ್ತದೆ ಅಂತ ಲೆಕ್ಕ ಹಾಕಬೇಕು. ಒಂದು ಕೆಜಿ ಡ್ರೈ ಐಸ್ 500 ಲೀಟರಿಗೂ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಪೆಟ್ಟಿಗೆಯನ್ನು ಗಾಳಿಯಾಡದ ಹಾಗೆ ಮುಚ್ಚಿದರೆ ಸಿಡಿಯಬಹುದು. ಕಿಟಕಿ ಮುಚ್ಚಿದ ಕಾರಿನಲ್ಲಿ ಇಟ್ಟರೆ ಉಸಿರು ಕಟ್ಟಬಹುದು. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ವಿಮಾನದಲ್ಲಿ ಕಳಿಸುವಾಗ ಅಪಾಯದ ಸರಕು ಅಂತ ಲೇಬಲ್ ಹಾಕಿ, ಯುಎನ್ 1845 ಅನ್ನುವ ನಂಬರ್, ಒಳಗಿರುವ ಡ್ರೈ ಐಸ್‌ನ ತೂಕ ಎರಡನ್ನೂ ಬರೆಯಬೇಕು. ಜನ ಮಲಗಿ ಹೋಗುವ ರಾತ್ರಿ ಬಸ್ಸಿನಲ್ಲಿ ಯಾರಿಗೂ ಹೇಳದೆ ಡ್ರೈ ಐಸ್ ಪೆಟ್ಟಿಗೆ ಇಡುವುದನ್ನು ನಾನು ಒಪ್ಪುವುದೇ ಇಲ್ಲ.

ಹಾಗಾದರೆ ಮನೆಯಿಂದ ಮಾರುವವರು ಏನು ಮಾಡಬೇಕು? ನನಗೆ ಸರಿ ಅನಿಸುವ ದಾರಿ ಇದು: ತಿನಿಸನ್ನು ಮೈನಸ್ 18ಕ್ಕೆ ಪೂರ್ತಿ ಗಟ್ಟಿ ಮಾಡಿ, ನೀರಿನ ಐಸ್ ಹಾಕಿ ರಾತ್ರಿ ಬಸ್ಸಿಗೆ ಕೊಡಿ. ಆದರೆ "ಫ್ರೋಜನ್" ಅಂತ ಹೇಳಿ ಮಾರಬೇಡಿ. "ತಣ್ಣಗೆ ತಲುಪುತ್ತದೆ, ಫ್ರಿಜ್‌ನಲ್ಲಿಡಿ, ಎರಡು ದಿನದೊಳಗೆ ಬಳಸಿ, ಮತ್ತೆ ಫ್ರೀಜ್ ಮಾಡಬೇಡಿ" ಅಂತ ಮೊದಲೇ ಹೇಳಿ ಮಾರಿ. ಹೆಪ್ಪುಗಟ್ಟಿದ ತಿನಿಸೇ ಇಲ್ಲಿ ಅರ್ಧ ಐಸ್‌ನ ಕೆಲಸ ಮಾಡುತ್ತದೆ. ಮೆತ್ತಗಾಗಿ ತಲುಪಿದರೂ 5 ಡಿಗ್ರಿಯ ಒಳಗಿದ್ದರೆ ಅದು ಒಳ್ಳೆಯ ತಿನಿಸೇ. ಗಿರಾಕಿಗೂ ಮೋಸವಿಲ್ಲ, ನಿಮಗೂ ದೂರಿಲ್ಲ.

ಪೆಟ್ಟಿಗೆ: ದಪ್ಪ ಥರ್ಮಾಕೋಲ್ ಯಾವಾಗಲೂ ಒಳ್ಳೆಯದಾ?

ಒಳಗೆ 30 ಸೆಂಟಿಮೀಟರ್ ಉದ್ದ, ಅಗಲ, ಎತ್ತರ ಇರುವ ಥರ್ಮಾಕೋಲ್ ಪೆಟ್ಟಿಗೆ ತೆಗೆದುಕೊಳ್ಳಿ. ಹೊರಗೆ ಸರಾಸರಿ 27 ಡಿಗ್ರಿ, ಒಳಗೆ 2 ಡಿಗ್ರಿ. ಗೋಡೆ 2.5 ಸೆಂಟಿಮೀಟರ್ ದಪ್ಪ ಇದ್ದರೆ ಗಂಟೆಗೆ ಸುಮಾರು 190 ಗ್ರಾಂ ಐಸ್ ಕರಗುತ್ತದೆ. 5 ಸೆಂಟಿಮೀಟರ್ ಇದ್ದರೆ ಸುಮಾರು 120 ಗ್ರಾಂ. ಇದು ಶಾಖ ದಾಟುವ ಸೂತ್ರ ಹಿಡಿದು ಹಾಕಿದ ಲೆಕ್ಕ. ಮುಚ್ಚಳದ ಸಂದಿ, ಬಿಸಿಲು ಸೇರಿದರೆ ಇನ್ನೂ ಏರುತ್ತದೆ.

ಈಗ ನಮ್ಮ 14 ಮತ್ತು 48 ತನ್ನಿ. ರಾತ್ರಿ ಬಸ್ಸಿನ 14 ಗಂಟೆಗೆ ತೆಳು ಪೆಟ್ಟಿಗೆಗೆ 2.7 ಕೆಜಿ ಐಸ್, ದಪ್ಪ ಪೆಟ್ಟಿಗೆಗೆ 1.7 ಕೆಜಿ. ಉಳಿಯುವುದು ಒಂದು ಕೆಜಿ. ಕೊರಿಯರ್‌ನ 48 ಗಂಟೆಗೆ ತೆಳು ಪೆಟ್ಟಿಗೆಗೆ 9 ಕೆಜಿ ಬೇಕು, ದಪ್ಪದಕ್ಕೆ ಆರು ಕೆಜಿಯ ಹತ್ತಿರ. ತೆಳು ಪೆಟ್ಟಿಗೆಯಲ್ಲಿ ಆರು ಕೆಜಿ ತಿನಿಸು ಕಳಿಸುತ್ತೀರಿ ಅನ್ನಿ, ಅದಕ್ಕೆ ಒಂಬತ್ತು ಕೆಜಿ ಐಸ್! ಇದು ನಡೆಯುವ ವ್ಯಾಪಾರವಲ್ಲ.

ದಪ್ಪ ಪೆಟ್ಟಿಗೆಯೇ ಇರಲಿ ಅನ್ನುವ ಮೊದಲು ಕೊರಿಯರ್‌ನವರ ಇನ್ನೊಂದು ಲೆಕ್ಕ ನೋಡಿ. ಅವರು ನಿಜವಾದ ತೂಕದ ಜೊತೆಗೆ ಗಾತ್ರದ ತೂಕವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ತೆಳು ಪೆಟ್ಟಿಗೆ ಹೊರಗಡೆ 35 ಸೆಂಟಿಮೀಟರ್, ಗಾತ್ರದ ತೂಕ 8.6 ಕೆಜಿ. ದಪ್ಪದ್ದು 40 ಸೆಂಟಿಮೀಟರ್, 12.8 ಕೆಜಿ. ಒಳಗೆ ಹಿಡಿಯುವುದು ಮಾತ್ರ ಅಷ್ಟೇ. ಒಂದು ರಾತ್ರಿಯಲ್ಲಿ ತಲುಪುವ ಪಾರ್ಸೆಲ್ ಆದರೆ, ಒಂದು ಕೆಜಿ ಐಸ್ ಉಳಿಸಲು ಹೋಗಿ ನಾಲ್ಕು ಕೆಜಿಗೆ ಜಾಸ್ತಿ ದುಡ್ಡು ಕಟ್ಟಿದ ಹಾಗಾಯಿತು. ಅದಕ್ಕೇ ಒಂದು ರಾತ್ರಿಯ ಪ್ರಯಾಣಕ್ಕೆ 2.5 ಸೆಂಟಿಮೀಟರ್‌ನ ಗಟ್ಟಿ ಪೆಟ್ಟಿಗೆ, ಜೊತೆಗೆ ಸಾಕಷ್ಟು ಐಸ್ ಅನ್ನುವುದೇ ನನ್ನ ಆಯ್ಕೆ. ದಪ್ಪ ಪೆಟ್ಟಿಗೆ ಡ್ರೈ ಐಸ್‌ಗೆ, ಬೇಸಿಗೆಯ ಮಾಂಸಕ್ಕೆ ಇರಲಿ.

ಬೆಳ್ಳಿ ಬಣ್ಣದ ಬಬಲ್ ಶೀಟ್ ಒಳಗೆ ಹಾಕಿದ ರಟ್ಟಿನ ಪೆಟ್ಟಿಗೆ ನೋಡಲು ಅಂದ, ಮಡಚಿ ಇಡಬಹುದು, ಜಾಗ ಉಳಿಯುತ್ತದೆ. ಆದರೆ ಆ ಶೀಟ್ ಕೆಲವೇ ಮಿಲಿಮೀಟರ್ ದಪ್ಪ. ಹೊಳಪಿನ ಮುಖ ಶಾಖವನ್ನು ಹಿಂದೆ ತಳ್ಳಬೇಕಾದರೆ ಅದರ ಮುಂದೆ ಗಾಳಿಯ ಸಂದಿ ಬೇಕು. ತಿನಿಸಿಗೆ ಅಂಟಿಕೊಂಡಿದ್ದರೆ ಹೊಳಪಿನಿಂದ ಏನೂ ಉಪಯೋಗವಿಲ್ಲ. ಊರೊಳಗೆ ಮೂರು ನಾಲ್ಕು ಗಂಟೆಯ ಡೆಲಿವರಿಗೆ ಸರಿ. ಬೆಂಗಳೂರಿನ ದಾರಿಗೆ ಸಾಲದು. ಕಾಫಿ ಹೊಟ್ಟು, ಭತ್ತದ ಹೊಟ್ಟು ತುಂಬಿದ ಚೀಲವನ್ನು ಗೋಡೆಯ ಹಾಗೆ ಬಳಸುವ ಯೋಚನೆಯನ್ನೂ ಕೆಲವರು ಹೇಳುತ್ತಾರೆ. ಒಣಗಿದ ಹೊಟ್ಟು ಶಾಖ ತಡೆಯುತ್ತದೆ, ಸುಳ್ಳಲ್ಲ. ಆದರೆ ಒದ್ದೆಯಾದ ಕೂಡಲೇ ಆ ಗುಣ ಹೋಗುತ್ತದೆ, ಧೂಳು ತಿನಿಸಿಗೆ ಸೇರುತ್ತದೆ. ನಮ್ಮ ಕಡೆ ಸಿಗುವ ವಸ್ತುವಿನಿಂದಲೇ ಒಂದು ಒಳ್ಳೆಯ ಪೆಟ್ಟಿಗೆ ಬರಲಿ ಅನ್ನುವ ಆಸೆ ನನಗೂ ಇದೆ.

ಥರ್ಮಾಕೋಲ್‌ನ ಕಸದ ಚಿಂತೆ ಇರುವವರಿಗೆ, ಮತ್ತು ಅದು ಇರಬೇಕಾದ ಚಿಂತೆಯೇ, ಪಾಲಿಯುರೆಥೇನ್ ಅನ್ನುವ ಫೋಮ್ ತುಂಬಿದ ಗಟ್ಟಿ ಐಸ್ ಬಾಕ್ಸ್ ಇದೆ. ಅಷ್ಟೇ ದಪ್ಪದ ಥರ್ಮಾಕೋಲ್‌ಗಿಂತ ಚೆನ್ನಾಗಿ ಶಾಖ ತಡೆಯುತ್ತದೆ, ವರ್ಷಗಟ್ಟಲೆ ಬರುತ್ತದೆ. ಒಂದೇ ಷರತ್ತು: ಪೆಟ್ಟಿಗೆ ವಾಪಸ್ ಬರಬೇಕು. ಕೊರಿಯರ್‌ನಲ್ಲಿ ಅದು ಆಗುವುದಿಲ್ಲ, ಸ್ವಂತ ಗಾಡಿಯಲ್ಲಿ ಆಗುತ್ತದೆ.

ಗಾಡಿ: ಬಸ್ಸಾ, ಕೊರಿಯರ್ರಾ, ಸೇರಿ ಮಾಡುವ ವ್ಯಾನಾ?

ಕೆಎಸ್‌ಆರ್‌ಟಿಸಿ 2021ರಲ್ಲಿ "ನಮ್ಮ ಕಾರ್ಗೋ" ಶುರು ಮಾಡಿತು. ಖಾಸಗಿ ರಾತ್ರಿ ಬಸ್ಸುಗಳೂ ಪಾರ್ಸೆಲ್ ತೆಗೆದುಕೊಳ್ಳುತ್ತವೆ. ಎರಡರಲ್ಲೂ ತಣ್ಣಗಿಡುವ ವ್ಯವಸ್ಥೆ ಇದೆ ಅಂದುಕೊಳ್ಳಬೇಡಿ, ಪೆಟ್ಟಿಗೆಯೇ ಎಲ್ಲ ಮಾಡಬೇಕು. ತಿನಿಸು ಅಂತ ಮೊದಲೇ ಹೇಳಿ, ತೆಗೆದುಕೊಳ್ಳುತ್ತಾರಾ ಕೇಳಿ. ಹಿಂಬದಿ ಎಂಜಿನ್ ಇರುವ ಬಸ್ಸಿನಲ್ಲಿ ಎಂಜಿನ್ ಪಕ್ಕದ ಡಿಕ್ಕಿ ಬೆಚ್ಚಗಿರುತ್ತದೆ. "ಮುಂದಿನ ಡಿಕ್ಕಿಗೆ ಹಾಕಿ ಅಣ್ಣಾ" ಅಂತ ಕ್ಲೀನರ್‌ಗೆ ಒಂದು ಮಾತು ಹೇಳಿ, ಸಾಧ್ಯವಾದರೆ ನಿಂತು ನೋಡಿ. ಮಾಂಸದ ಪೆಟ್ಟಿಗೆಯಿಂದ ಒಂದು ಹನಿ ಸೋರಿ ಬೇರೆಯವರ ಬ್ಯಾಗಿಗೆ ತಾಗಿದರೆ ಆ ಬಸ್ಸಿನವರು ಮತ್ತೆ ನಿಮ್ಮ ಪಾರ್ಸೆಲ್ ಮುಟ್ಟುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ.

ಬಸ್ಸಿನ ದೊಡ್ಡ ಕೊರತೆ ಕೊನೆಯ ಹತ್ತು ಕಿಲೋಮೀಟರ್. ವೈಟ್‌ಫೀಲ್ಡ್‌ನಲ್ಲಿರುವ ಗಿರಾಕಿ ಬೆಳಗಿನ ಐದಕ್ಕೆ ಮೆಜೆಸ್ಟಿಕ್‌ಗೆ ಬರುವುದಿಲ್ಲ. ಪೋರ್ಟರ್, ರ‍್ಯಾಪಿಡೋ ಥರದ ಬೈಕ್ ಸೇವೆ ಹಿಡಿಯಬಹುದು, ಆದರೆ ಕೌಂಟರ್‌ನಲ್ಲಿ ಪಾರ್ಸೆಲ್ ಬಿಡಿಸಿಕೊಳ್ಳಲು ಒಬ್ಬರು ಬೇಕು. ಬೆಂಗಳೂರಿನಲ್ಲಿ ಅಕ್ಕನೋ ಭಾವನೋ ಇದ್ದವರ ವ್ಯಾಪಾರ ಬೇಗ ಕೈ ಹಿಡಿಯುವುದು ಇದೇ ಕಾರಣಕ್ಕೆ. ಅಂಥವರು ಇಲ್ಲದಿದ್ದರೆ ಎಲ್ಲ ಆರ್ಡರ್‌ಗಳನ್ನು ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ಕಳಿಸಿ, ಅಲ್ಲಿ ಒಬ್ಬರಿಗೆ ಕೂಲಿ ಕೊಟ್ಟು ಹಂಚಿಸಿ. ದೊಡ್ಡ ಪೆಟ್ಟಿಗೆಗೆ ಇನ್ನೊಂದು ಲಾಭವೂ ಇದೆ. ಒಂದೇ ತೂಕದ ತಿನಿಸು ನಾಲ್ಕು ಸಣ್ಣ ಪೆಟ್ಟಿಗೆಯಲ್ಲಿದ್ದರೆ ಶಾಖ ನುಗ್ಗುವ ಮೈ ಜಾಸ್ತಿ, ಒಂದರಲ್ಲಿದ್ದರೆ ಕಡಿಮೆ.

ಕೊರಿಯರ್ ಬಗ್ಗೆ ಲೆಕ್ಕ ಆಗಲೇ ಹೇಳಿದೆ. ತಣ್ಣಗಿನ ತಿನಿಸಿಗೆ ಸುಮ್ನೆ ಬೇಡ. ಮುಂಬೈ, ದೆಹಲಿ ಗಿರಾಕಿ ಹಠ ಹಿಡಿದರೆ ತುಪ್ಪ, ಕಾಫಿ, ಉಪ್ಪಿನಕಾಯಿ ಕಳಿಸಿ.

ಫ್ರೀಜರ್ ವ್ಯಾನ್ ಒಬ್ಬರಿಗೆ ದುಬಾರಿ. ಆದರೆ ಒಂದೇ ತಾಲೂಕಿನ ಐದಾರು ಜನ ಸೇರಿದರೆ? ವಾರಕ್ಕೆ ಒಂದು ದಿನ, ಗುರುವಾರ ರಾತ್ರಿ ಅನ್ನೋಣ, ಒಂದು ಸಣ್ಣ ಗಾಡಿ. ಅದರಲ್ಲಿ ಪಾಲಿಯುರೆಥೇನ್ ಬಾಕ್ಸ್‌ಗಳು. ಒಬ್ಬರ ಬೆಣ್ಣೆ, ಒಬ್ಬರ ಪತ್ರೊಡೆ, ಇನ್ನೊಬ್ಬರ ಮಾಂಸ ಬೇರೆ ಬೇರೆ ಬಾಕ್ಸ್‌ನಲ್ಲಿ. ಶುಕ್ರವಾರ ಬೆಳಿಗ್ಗೆ ಅಪಾರ್ಟ್‌ಮೆಂಟ್‌ಗಳ ಗೇಟಿಗೆ ಹಂಚಿಕೆ, ಬಾಕ್ಸ್ ಅದೇ ಗಾಡಿಯಲ್ಲಿ ವಾಪಸ್. ಗಂಟೆ 14ರಿಂದ 10ಕ್ಕೆ ಇಳಿಯುತ್ತದೆ, ಥರ್ಮಾಕೋಲ್ ಕಸ ಇಲ್ಲ, ಗಿರಾಕಿಗೂ ಯಾವ ದಿನ ಬರುತ್ತದೆ ಅಂತ ಗೊತ್ತಿರುತ್ತದೆ. ವಾರಕ್ಕೆ ಇಪ್ಪತ್ತು ಮೂವತ್ತು ಆರ್ಡರ್ ಬರುವ ಹೊತ್ತಿಗೆ ಇದರ ಮಾತುಕತೆ ಶುರು ಮಾಡಿ. ಮಹಿಳಾ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಮಳೆಗಾಲ, ಬೇಸಿಗೆ, ಕರೆಂಟು

ಅವರೆಕಾಯಿ ಚಳಿಗಾಲದ್ದು. ಹೊರಗೂ ತಣ್ಣಗಿರುತ್ತದೆ, ಕಳಿಸಲು ಸುಲಭ. ಏಪ್ರಿಲ್‌ನಲ್ಲಿ ಹೊರಗೆ 34 ಡಿಗ್ರಿ ಇದ್ದಾಗ, 22 ಡಿಗ್ರಿ ಇರುವ ಮಳೆಗಾಲದ ದಿನಕ್ಕಿಂತ ಐಸ್ ಒಂದೂವರೆ ಪಟ್ಟು ಬೇಕು. ಕಳಲೆ, ಕೆಸುವಿನ ಎಲೆ ಮಳೆಗಾಲದವು. ಆಗ ಬಿಸಿಲಿನ ತೊಂದರೆ ಇಲ್ಲ, ಬೇರೆ ಎರಡು ತೊಂದರೆ ಇವೆ. ಒಂದು ರಸ್ತೆ. 2018ರಲ್ಲೂ 2024ರಲ್ಲೂ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಗಾಡಿಗಳು ನಿಂತವು. ಚಾರ್ಮಾಡಿಯಲ್ಲೂ ಹೀಗಾಗಿದೆ. ಮಂಗಳೂರು ಕಡೆ ಗಿರಾಕಿಗಳಿದ್ದರೆ ಜೂನ್‌ನಿಂದ ಆಗಸ್ಟ್‌ವರೆಗೆ ಜೋರು ಮಳೆಯ ವಾರದಲ್ಲಿ ಆರ್ಡರ್ ನಿಲ್ಲಿಸಿಬಿಡಿ. ಬೆಂಗಳೂರಿನ ಕಡೆ ಘಾಟಿ ಇಲ್ಲದ್ದು ನಮ್ಮ ಪುಣ್ಯ.

ಇನ್ನೊಂದು ಕರೆಂಟು. ಮರ ಬಿದ್ದು ಲೈನ್ ಹರಿದರೆ ಮೂಡಿಗೆರೆ, ಶೃಂಗೇರಿ ಕಡೆ ಯಾವಾಗ ಬರುತ್ತದೆ ಹೇಳಲಾಗದು. ಫ್ರೀಜರ್ ಕೊಳ್ಳುವಾಗಲೇ ಇದನ್ನು ಯೋಚಿಸಿ. ಮೇಲೆ ಮುಚ್ಚಳ ತೆರೆಯುವ ಡೀಪ್ ಫ್ರೀಜರ್ ತೆಗೆದುಕೊಳ್ಳಿ. ತಣ್ಣನೆಯ ಗಾಳಿ ಭಾರ, ಮುಚ್ಚಳ ತೆಗೆದರೂ ಒಳಗೇ ಕೂರುತ್ತದೆ. ನಿಲ್ಲಿಸುವ ಫ್ರೀಜರ್‌ನಲ್ಲಿ ಬಾಗಿಲು ತೆಗೆದ ಕೂಡಲೇ ಕೆಳಗೆ ಸುರಿದು ಹೋಗುತ್ತದೆ. ತುಂಬಿದ ಫ್ರೀಜರ್ ಬಾಗಿಲು ತೆಗೆಯದೆ ಬಿಟ್ಟರೆ ಸುಮಾರು 48 ಗಂಟೆ ತಣ್ಣಗಿರುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಖಾಲಿ ಜಾಗಕ್ಕೆ ನೀರಿನ ಪೌಚ್ ತುಂಬಿಸಿ. ಕಳಿಸಲು ಐಸ್ ಸಿದ್ಧವಾಗುತ್ತದೆ, ಕರೆಂಟ್ ಹೋದಾಗ ತಿನಿಸೂ ಉಳಿಯುತ್ತದೆ.

ತುಂಬುವಾಗ

ಪ್ಯಾಕೆಟ್‌ಗಳನ್ನು ಫ್ರೀಜರ್‌ಗೆ ಹಾಕುವ ಮೊದಲೇ ಚಪ್ಪಟೆ ಮಾಡಿ. ಎರಡು ಸೆಂಟಿಮೀಟರ್ ದಪ್ಪದ ಪ್ಯಾಕೆಟ್ ಬೇಗ ಹೆಪ್ಪುಗಟ್ಟುತ್ತದೆ, ಒಳಗಿನ ಐಸ್ ಹರಳು ಸಣ್ಣದಿರುತ್ತದೆ, ಕರಗಿದಾಗ ತಿನಿಸು ನೀರು ಬಿಡುವುದು ಕಡಿಮೆ. ಹಿತಕಿದ ಬೇಳೆಯನ್ನು ತಟ್ಟೆಯಲ್ಲಿ ಹರಡಿ ಫ್ರೀಜ್ ಮಾಡಿ ಆಮೇಲೆ ಚೀಲಕ್ಕೆ ತುಂಬಿದರೆ ಗಡ್ಡೆ ಕಟ್ಟುವುದಿಲ್ಲ, ಗಿರಾಕಿ ಒಂದು ಹಿಡಿ ಬೇಕಾದರೂ ತೆಗೆದುಕೊಳ್ಳಬಹುದು.

ಪೆಟ್ಟಿಗೆಯನ್ನು ಒಂದು ಗಂಟೆ ಮೊದಲೇ ಐಸ್ ಇಟ್ಟು ತಣ್ಣಗೆ ಮಾಡಿಕೊಳ್ಳಿ. ಒಳಗೆ ದೊಡ್ಡ ಪ್ಲಾಸ್ಟಿಕ್ ಕವರ್, ತಳದಲ್ಲಿ ನೀರು ಹೀರುವ ಕಾಗದ. ಐಸ್ ತಳದಲ್ಲಿ ಸ್ವಲ್ಪ, ಬದಿಗೆ ಸ್ವಲ್ಪ, ಮೇಲೆ ಜಾಸ್ತಿ, ಯಾಕೆಂದರೆ ತಣ್ಣಗಿನ ಗಾಳಿ ಕೆಳಗಿಳಿಯುತ್ತದೆ. ಅಣಬೆ ಮತ್ತು ಐಸ್ ನಡುವೆ ರಟ್ಟು ಇಡಿ. ಖಾಲಿ ಜಾಗ ಬಿಡಬೇಡಿ, ಪೇಪರ್ ತುರುಕಿ. ಮುಚ್ಚಳದ ಸುತ್ತ ಬ್ರೌನ್ ಟೇಪ್ ಎರಡು ಸುತ್ತು ಹಾಕಿ. ಡ್ರೈ ಐಸ್ ಇದ್ದರೆ ಮಾತ್ರ ಈ ಟೇಪ್ ಪೂರ್ತಿ ಬೇಡ, ಗಾಳಿ ಹೋಗಲು ಸಂದಿ ಬೇಕು. ಥರ್ಮಾಕೋಲ್ ಒಡೆಯದಂತೆ ಹೊರಗೆ ರಟ್ಟಿನ ಪೆಟ್ಟಿಗೆ. ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್, ಮಾಡಿದ ದಿನ, ಬಳಸಬೇಕಾದ ಕೊನೆಯ ದಿನ, ಎಷ್ಟು ತಣ್ಣಗಿಡಬೇಕು ಅನ್ನುವುದು ಇರಲಿ. ಮನೆಯಿಂದ ಮಾರುವವರಿಗೂ ಈ ನೋಂದಣಿ ಬೇಕು. ಮಾಂಸ ಮಾರುವವರು ಪಂಚಾಯಿತಿ, ಪುರಸಭೆಯಲ್ಲೂ ಕೇಳಿಕೊಳ್ಳಿ.

ಮೊದಲ ಗಿರಾಕಿಗೆ ಕಳಿಸುವ ಮುಂಚೆ ಒಂದು ಪೆಟ್ಟಿಗೆ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಮನೆಯ ಜಗುಲಿಯಲ್ಲಿ 18 ಗಂಟೆ ಬಿಡಿ. 14ಕ್ಕೆ ನಾಲ್ಕು ಗಂಟೆ ಜಾಸ್ತಿ, ಬಸ್ ತಡವಾದರೆ ಅಂತ. ತೆಗೆದಾಗ 5 ಡಿಗ್ರಿ ದಾಟಿದ್ದರೆ ಐಸ್ ಏರಿಸಿ ಮತ್ತೆ ನೋಡಿ. ಬೇಸಿಗೆಗೊಮ್ಮೆ, ಮಳೆಗಾಲಕ್ಕೊಮ್ಮೆ ಹೀಗೆ ಮಾಡಿದರೆ ನಿಮ್ಮ ಪೆಟ್ಟಿಗೆಯ ಲೆಕ್ಕ ನಿಮಗೇ ಬರುತ್ತದೆ.

ಶನಿವಾರ ಕಳಿಸಬೇಡಿ. ಭಾನುವಾರ ಬೆಳಿಗ್ಗೆ ಪಾರ್ಸೆಲ್ ಬಿಡಿಸಿಕೊಳ್ಳಲು ಹೋಗದ ಗಿರಾಕಿಗಳೇ ಜಾಸ್ತಿ. ಬಸ್ ಹೊರಟ ಕೂಡಲೇ ಬಸ್ ನಂಬರ್, ಮುಟ್ಟುವ ಹೊತ್ತು, ಕೌಂಟರ್ ಎಲ್ಲಿ ಅನ್ನುವುದನ್ನು ವಾಟ್ಸಾಪ್ ಮಾಡಿ. ಜೊತೆಗೆ ಒಂದು ಸಾಲು: "ತೆರೆದ ತಕ್ಷಣ ಪ್ಯಾಕೆಟ್ ಮುಟ್ಟಿ ನೋಡಿ. ಐಸ್ ಪೂರ್ತಿ ನೀರಾಗಿ, ತಿನಿಸು ತಣ್ಣಗಿಲ್ಲದಿದ್ದರೆ ತಿನ್ನಬೇಡಿ, ಒಂದು ಫೋಟೋ ಕಳಿಸಿ, ದುಡ್ಡು ವಾಪಸ್ ಕೊಡುತ್ತೇನೆ." ಆ ದುಡ್ಡಿನ ಒಂದು ಪಾಲನ್ನು ಬೆಲೆ ಕಟ್ಟುವಾಗಲೇ ಸೇರಿಸಿಕೊಳ್ಳಿ, ಪೆಟ್ಟಿಗೆ, ಐಸ್, ಟೇಪಿನ ಖರ್ಚಿನ ಜೊತೆಗೆ.